ಗೊತ್ತಾಗೋವರೆಗೂ ಇಬ್ಬರೂ ಶ್ರೀಮಂತರೇ!

ನಜರ್‌ಬಾದ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬರು ಎಕನಾಮಿಕ್ಸ್ ಮೇಷ್ಟ್ರು ಇದ್ದಾರೆ. ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು. ಆದ್ರೂ ಪಾಠ ನಿಂತಿಲ್ಲ, ಕ್ಲಾಸ್ ರೂಮಿನಿಂದ ಜಗಲಿಗೆ ವರ್ಗ ಆಗಿದೆ ಅಷ್ಟೆ. ನಮ್ಮ ಬಡಾವಣೆಯ ಚರಿತ್ರೆಯನ್ನೂ ಅವರು ಎಕನಾಮಿಕ್ಸ್ ಮಾಡಿಬಿಡ್ತಾರೆ. "ಟಿಪ್ಪು ಕಾಲದಲ್ಲಿ ಮೈಸೂರಿನ ಕೋಟೆ ಕೆಡವಿ, ಇಲ್ಲಿ ಹೊಸ ಕೋಟೆ ಕಟ್ಟೋಕೆ ಅಂತ ಕಲ್ಲು ಸಾಗಿಸಿದ್ರು. 1799ರಲ್ಲಿ ಟಿಪ್ಪು ಹೋದ್ಮೇಲೆ ಅದೇ ಕಲ್ಲನ್ನ ವಾಪಸ್ ಸಾಗಿಸಿ ಹಳೇ ಕೋಟೆ ಕಟ್ಟಿದ್ರು. ಕಲ್ಲು ಇದ್ದಲ್ಲೇ ಬಂತು, ಕೂಲಿ ಮಾತ್ರ ಎರಡು ಸಲ. ಇವತ್ತಾಗಿದ್ರೆ ಎರಡು ಸಲವೂ ಅಭಿವೃದ್ಧಿ ಅಂತ ಲೆಕ್ಕ ಬರೀತಿದ್ರು!"

ಈ ಜೋಕನ್ನ ಚಿಕ್ಕಂದಿನಿಂದ ಕೇಳಿ ನಕ್ಕಿದ್ದೀನಿ. 2024ರ ಮಳೆಗಾಲದಲ್ಲಿ ಮಾತ್ರ ನಗು ಬರಲಿಲ್ಲ.

ಯಾಕೆ ಅಂದ್ರೆ, ಆ ಹೊತ್ತಿಗೆ ನಾನೂ ಏಳು ತಿಂಗಳಿಂದ ಕಲ್ಲು ಸಾಗಿಸ್ತಾ ಇದ್ದೆ. ಬೆಂಗಳೂರಿನ ಪಿಜಿ ರೂಮಿನಲ್ಲಿ ಕೂತು, ಸ್ಟ್ಯಾಂಡ್‌ಅಪ್ ಮೀಟಿಂಗ್ ಮ್ಯೂಟ್‌ನಲ್ಲಿಟ್ಟು, ಫೋನಿನಲ್ಲಿ ಆಪ್ಷನ್ ಟ್ರೇಡಿಂಗ್. ಕೊಂಡಾಗ ಬ್ರೋಕರೇಜು, ಮಾರಿದಾಗ ಬ್ರೋಕರೇಜು. ಮನೆಯ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸೋಕೆ ಅಂತ ಆರು ವರ್ಷದ ಸಂಬಳದಲ್ಲಿ ಉಳಿಸಿದ್ದು ಹದಿನಾಲ್ಕು ಲಕ್ಷ. ಅದರಲ್ಲಿ ಒಂಬತ್ತು ಹೋಗಿತ್ತು. ಮನೇಲಿ ಯಾರಿಗೂ ಗೊತ್ತಿರಲಿಲ್ಲ.

ಆ ಭಾನುವಾರ ಊರಿಗೆ ಬಂದಾಗ ಅಪ್ಪ ಮೇಷ್ಟ್ರ ಜಗಲಿಯಲ್ಲಿ ಕೂತು ಹೇಳ್ತಿದ್ರು. "ದೀಪಾವಳಿ ಕಳೀಲಿ ಮೇಷ್ಟ್ರೇ, ಕೆಲಸ ಶುರು ಮಾಡ್ಸೋದೇ. ಮಗ ದುಡ್ಡು ರೆಡಿ ಇಟ್ಟಿದ್ದಾನೆ." ಅಪ್ಪ ಅಷ್ಟು ನೆಟ್ಟಗೆ ಕೂತಿದ್ದನ್ನ ನಾನು ನೋಡಿ ಬಹಳ ದಿನ ಆಗಿತ್ತು.

ಮೇಷ್ಟ್ರು ನನ್ನ ಕಡೆ ತಿರುಗಿದ್ರು. "ಏನಪ್ಪಾ ಇಂಜಿನಿಯರು, ಮುಖ ಯಾಕೋ ಷೇರು ಮಾರ್ಕೆಟ್ ಥರ ಬಿದ್ದಿದೆ?" ತಮಾಷೆಗೇ ಅಂದಿದ್ದು. ನನಗೆ ಮಾತ್ರ ಬೆನ್ನು ತಣ್ಣಗಾಯ್ತು. ಒಳಗೆ ಹೋಗಿ ಒಂದು ಹಳೇ ಪುಸ್ತಕ ತಂದುಕೊಟ್ಟರು. "ರೈಲಿನಲ್ಲಿ ಓದು. ಎಕನಾಮಿಕ್ಸ್ ಓದ್ತಾ ಜನ ನಕ್ಕಿದ್ದು ಈ ಮನುಷ್ಯನಿಂದ." 1955ರಲ್ಲಿ ಬಂದ 'ದಿ ಗ್ರೇಟ್ ಕ್ರ್ಯಾಶ್, 1929'. ಬರೆದವರು ಜಾನ್ ಕೆನೆತ್ ಗಾಲ್‌ಬ್ರೈತ್.

ನಗಿಸೋ ಮೇಷ್ಟ್ರುಗಳು ನಮ್ಮ ಮೈಸೂರಿಗೆ ಹೊಸಬರಲ್ಲ. ಚರಿತ್ರೆ ಪಾಠ ಮಾಡ್ತಿದ್ದ ನಾ. ಕಸ್ತೂರಿಯವರು 'ಅನರ್ಥಕೋಶ' ಅಂತ ಪದಗಳಿಗೆ ತಲೆಕೆಳಗು ಅರ್ಥ ಕೊಡೋ ನಿಘಂಟನ್ನೇ ಬರೆದವರು. ಆದ್ರೆ ಹಾರ್ವರ್ಡ್‌ನ ಒಬ್ಬ ಎಕನಾಮಿಕ್ಸ್ ಪ್ರೊಫೆಸರ್ ನಗಿಸ್ತಾರೆ ಅಂದ್ರೆ ನನಗೆ ನಂಬಿಕೆ ಬರಲಿಲ್ಲ. ಮಂಡ್ಯ ದಾಟೋ ಹೊತ್ತಿಗೆ ಬಂತು.

ಗಾಲ್‌ಬ್ರೈತ್ ಹುಟ್ಟಿದ್ದು 1908ರಲ್ಲಿ, ಕೆನಡಾದ ಒಂಟಾರಿಯೋದ ಹಳ್ಳಿಯೊಂದರಲ್ಲಿ, ರೈತರ ಮನೆಯಲ್ಲಿ. ಎತ್ತರ ಆರು ಅಡಿ ಎಂಟು ಇಂಚು. ಹಾಸ್ಯ ಅಪ್ಪನಿಂದ ಬಂದ ಆಸ್ತಿ. ಅಪ್ಪ ಲಿಬರಲ್ ಪಕ್ಷದವರು. ಒಂದು ಸಲ ಚುನಾವಣಾ ಭಾಷಣಕ್ಕೆ ವೇದಿಕೆ ಇಲ್ಲದೆ ಗೊಬ್ಬರದ ಗುಡ್ಡೆ ಹತ್ತಿ ನಿಂತರಂತೆ. ನಿಂತು, ಎದುರು ಪಕ್ಷದವರ ವೇದಿಕೆಯಿಂದ ಮಾತಾಡಬೇಕಾಗಿ ಬಂದಿದ್ದಕ್ಕೆ ಜನರ ಕ್ಷಮೆ ಕೇಳಿದ್ರಂತೆ! ಪಕ್ಕದಲ್ಲಿ ನಿಂತಿದ್ದ ಹುಡುಗ ಅದನ್ನ ಜೀವಮಾನ ಪೂರ್ತಿ ಮರೀಲಿಲ್ಲ.

ಓದಿದ್ದು ಕೃಷಿ ಕಾಲೇಜಿನಲ್ಲಿ. 1934ರಲ್ಲಿ ಬರ್ಕ್‌ಲಿಯಲ್ಲಿ ಕೃಷಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ. ಎರಡನೇ ಮಹಾಯುದ್ಧದಲ್ಲಿ ಇಡೀ ಅಮೆರಿಕದ ಬೆಲೆ ನಿಯಂತ್ರಣದ ಕೆಲಸ. ಆಮೇಲೆ 'ಫಾರ್ಚ್ಯೂನ್' ಪತ್ರಿಕೆಯಲ್ಲಿ ಸಂಪಾದಕ, ಅಲ್ಲಿಂದ ಮತ್ತೆ ಹಾರ್ವರ್ಡ್‌ಗೆ.

ಈ ಪುಸ್ತಕ ಬರೋ ವರ್ಷವೇ ಅವರನ್ನ ಅಮೆರಿಕದ ಸೆನೆಟ್ ಸಮಿತಿ ಕರೆಸಿ ಷೇರುಪೇಟೆ ಬಗ್ಗೆ ಕೇಳಿತು. 1929ರ ಕಥೆ ಮತ್ತೆ ಆಗಬಹುದು ಅಂತ ಇವರು ಹೇಳ್ತಾ ಇದ್ದ ಹಾಗೇ ಅವತ್ತು ಪೇಟೆ ಬಿತ್ತು. ದುಡ್ಡು ಕಳಕೊಂಡವರಿಂದ ಬೈಗುಳದ ಪತ್ರಗಳ ರಾಶಿ. ಅದಾದ ಮೇಲೆ ಇವರು ಸ್ಕೀಯಿಂಗ್‌ಗೆ ಹೋಗಿ ಬಿದ್ದು ಕಾಲು ಮುರಕೊಂಡರು. ಸುದ್ದಿ ಪೇಪರಲ್ಲಿ ಬಂದಿದ್ದೇ ತಡ, ದೇವರು ಇದ್ದಾನೆ ಅಂತ ಖುಷಿಪಟ್ಟು ಮತ್ತೆ ಪತ್ರಗಳು! ಇದನ್ನೆಲ್ಲ ಅವರೇ ಮುನ್ನುಡಿಯಲ್ಲಿ ಬರ್ಕೊಂಡಿದ್ದಾರೆ. ಬಿದ್ದವನು ತಾನೇ ಬಿದ್ದಿದ್ದನ್ನ ಹೇಳಿ ನಗಿಸೋದು ಸುಲಭ ಅಲ್ಲ. ನಾನಂತೂ ಏಳು ತಿಂಗಳಿಂದ ಬಿದ್ದು, ನಿಂತಿರೋ ಹಾಗೆ ನಾಟಕ ಮಾಡ್ತಿದ್ದೆ.

1961ರಲ್ಲಿ ಕೆನಡಿ ಇವರನ್ನ ರಾಯಭಾರಿ ಮಾಡಿ ಭಾರತಕ್ಕೆ ಕಳಿಸಿದ್ರು. 1962ರ ಚೀನಾ ಯುದ್ಧದ ಹೊತ್ತಲ್ಲಿ ದಿಲ್ಲಿಯಲ್ಲಿದ್ದರು. ಒಂಬತ್ತು ಅಮೆರಿಕನ್ ವಿಶ್ವವಿದ್ಯಾಲಯಗಳು ಕೈಜೋಡಿಸಿ ಐಐಟಿ ಕಾನ್ಪುರವನ್ನ ಬೆಳೆಸೋ ಕೆಲಸ ಶುರುವಾಗಿದ್ದೂ ಆಗಲೇ. 1963ರಲ್ಲಿ ಅಲ್ಲಿಗೆ ಐಬಿಎಂ 1620 ಕಂಪ್ಯೂಟರ್ ಬಂತು. ಕೋಡ್ ಬರೆದು ಅನ್ನ ತಿನ್ನೋ ನಮ್ಮಂಥವರು ಆ ಯಂತ್ರಕ್ಕೆ ಒಂದು ನಮಸ್ಕಾರ ಹಾಕಬೇಕು. ಅದೇ ವರ್ಷ ಅವರು ಕಳ್ಳಹೆಸರಿನಲ್ಲಿ ಒಂದು ತಮಾಷೆ ಪುಸ್ತಕ ತಂದರು. ಒಬ್ಬ ಮನುಷ್ಯ ತನ್ನನ್ನ ಬಿಟ್ಟು ಬೇರೆ ವಿಷಯದ ಬಗ್ಗೆ ಒಂದೇ ಸಮನೆ ಎಷ್ಟು ಹೊತ್ತು ಯೋಚಿಸಬಲ್ಲ ಅಂತ ಅಳೆಯೋ ಮಾಪನ ಅದರಲ್ಲಿತ್ತು.

ಇಷ್ಟೆಲ್ಲಾ ಮಾಡಿದವರಿಗೆ ನೊಬೆಲ್ ಬರಲಿಲ್ಲ. ಇವರದ್ದು ಮಾತು ಜಾಸ್ತಿ, ಗಣಿತ ಕಮ್ಮಿ ಅಂತ ಎಷ್ಟೋ ಅರ್ಥಶಾಸ್ತ್ರಜ್ಞರು ಮೂಗು ಮುರಿದರು. ನಮ್ಮ ದೇಶ ಮಾತ್ರ ಪದ್ಮವಿಭೂಷಣ ಕೊಟ್ಟಿತು. 2006ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ಗಣಿತ ಕಮ್ಮಿ ಅನ್ನೋ ಆ ಟೀಕೆ ಬಗ್ಗೆ ನನಗೆ ಒಂದು ಮಾತು ಹೇಳೋದಿದೆ. ನನ್ನ ಹತ್ತಿರ ಗಣಿತ ಬೇಕಾದಷ್ಟಿತ್ತು. ಹತ್ತು ಜನರಲ್ಲಿ ಒಂಬತ್ತು ಮಂದಿಗೆ ನಷ್ಟ ಅಂತ ಟ್ರೇಡಿಂಗ್ ಆಪ್ ತೆರೆದಾಗಲೇ ಎಚ್ಚರಿಕೆ ಬರ್ತಿತ್ತು. ನಾನು 'ಓಕೆ' ಒತ್ತಿ ಮುಂದೆ ಹೋಗ್ತಿದ್ದೆ. ಆ ಅಂಕಿ ನನ್ನನ್ನ ಒಂದು ದಿನವೂ ತಡೀಲಿಲ್ಲ. ತಡೆದಿದ್ದು ಈ ಪ್ರೊಫೆಸರ್ ಹುಟ್ಟಿಸಿದ ಒಂದು ತಮಾಷೆ ಪದ.

'ಬೆಝಲ್' ಅಂತ. ನಂಬಿ ಕೊಟ್ಟ ದುಡ್ಡನ್ನ ನುಂಗೋದಕ್ಕೆ ಇಂಗ್ಲಿಷಲ್ಲಿ 'ಎಂಬೆಝಲ್' ಅಂತಾರಲ್ಲ, ಅದರ ತಲೆ ಕತ್ತರಿಸಿ ಮಾಡಿದ ಪದ. ವಿಚಾರ ಇಷ್ಟೇ. ದುಡ್ಡು ನುಂಗಿದ ದಿನಕ್ಕೂ ಅದು ಗೊತ್ತಾಗೋ ದಿನಕ್ಕೂ ನಡುವೆ ಒಂದಷ್ಟು ಸಮಯ ಇರುತ್ತೆ. ಆ ಸಮಯದಲ್ಲಿ ನುಂಗಿದವನ ಹತ್ತಿರ ದುಡ್ಡಿದೆ, ಕಳಕೊಂಡವನಿಗೂ ತನ್ನ ದುಡ್ಡು ಭದ್ರವಾಗಿದೆ ಅನ್ನೋ ನೆಮ್ಮದಿ. ಇಬ್ಬರೂ ಶ್ರೀಮಂತರೇ! ಒಳ್ಳೇ ಕಾಲದಲ್ಲಿ ಯಾರೂ ಲೆಕ್ಕ ಕೇಳಲ್ಲ, ದೇಶದಲ್ಲಿ ಬೆಝಲ್ ಬೆಳೀತಾ ಹೋಗುತ್ತೆ. ಪೇಟೆ ಬಿದ್ದ ಕೂಡಲೇ ಎಲ್ಲರೂ ಲೆಕ್ಕ ಕೇಳ್ತಾರೆ, ಬೆಝಲ್ ಕರಗುತ್ತೆ.

ಓದಿ ಜೋರಾಗಿ ನಕ್ಕೆ. ಎದುರು ಸೀಟಿನವರು ತಲೆ ಎತ್ತಿ ನೋಡಿದ್ರು. ನಗು ಅರ್ಧದಲ್ಲೇ ನಿಂತಿತು. ಜಗಲಿಯಲ್ಲಿ ನೆಟ್ಟಗೆ ಕೂತಿದ್ದ ಅಪ್ಪ ಕಣ್ಣ ಮುಂದೆ ಬಂದ್ರು. ಅವರ ಆ ನೆಮ್ಮದಿಯೇ ಬೆಝಲ್. ನನ್ನ ಸ್ಥಿತಿ ಕಳ್ಳನಿಗಿಂತ ಕಡೆ, ನುಂಗಿದ ದುಡ್ಡೂ ನನ್ನ ಹತ್ತಿರ ಇಲ್ಲ.

ಆದ್ರೂ ಹೇಳೋಕೆ ಧೈರ್ಯ ಬರೋಕೆ ಒಂದು ತಿಂಗಳಿಗಿಂತ ಜಾಸ್ತಿ ಹಿಡೀತು. ಸೆಪ್ಟೆಂಬರ್‌ನಲ್ಲಿ ಸೆಬಿಯ ಹೊಸ ಅಧ್ಯಯನ ಬಂತು. ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ ಅಂತ. ಆಫೀಸಿನ ಗ್ರೂಪಲ್ಲಿ ಎಲ್ಲರೂ ಅದನ್ನ ಫಾರ್ವರ್ಡ್ ಮಾಡಿದ್ರು. 'ನಾನೂ ಒಬ್ಬ' ಅಂತ ಒಬ್ಬರೂ ಬರೀಲಿಲ್ಲ. ನಾನೂ ಬರೀಲಿಲ್ಲ.

ದಸರಾಕ್ಕೆ ಮೊದಲಿನ ಭಾನುವಾರ, ಅಡುಗೆಮನೆ ಸೋರೋ ಜಾಗದಲ್ಲಿ ಅಪ್ಪ ಬಕೆಟ್ ಇಡ್ತಾ ಇದ್ದಾಗ ಹೇಳಿದೆ. ಪೀಠಿಕೆ ಹಾಕಲಿಲ್ಲ. "ಅಪ್ಪಾ, ದುಡ್ಡು ಇಲ್ಲ. ಒಂಬತ್ತು ಲಕ್ಷ ಕಳೆದುಬಿಟ್ಟೆ."

ಅಪ್ಪ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಬಕೆಟ್ ಸರಿ ಮಾಡಿ, ಎದ್ದು ಹೋಗಿ ಜಗಲಿಯಲ್ಲಿ ಕೂತರು. ಸಂಜೆವರೆಗೂ ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದ್ದು ಒಂದೇ.

"ಉಳಿದಿರೋದು ಎಷ್ಟು?"

"ಐದು."

"ನಿಜವಾಗ್ಲೂ ಇದೆಯಾ?"

ಆ 'ನಿಜವಾಗ್ಲೂ' ಅನ್ನೋ ಒಂದು ಪದಕ್ಕೆ ಒಂಬತ್ತು ಲಕ್ಷಕ್ಕಿಂತ ಜಾಸ್ತಿ ತೂಕ ಇತ್ತು. ಫೋನ್ ತೆಗೆದು ಬ್ಯಾಲೆನ್ಸ್ ತೋರಿಸಿದೆ. ಕನ್ನಡಕ ಹಾಕ್ಕೊಂಡು ಅಂಕಿ ಎಣಿಸಿದ್ರು. "ಸರಿ. ಅಡುಗೆಮನೆ ಮೇಲಿಂದು ಮಾತ್ರ ಮಾಡ್ಸೋಣ," ಅಂದ್ರು.

ಅಡುಗೆಮನೆಗೆ ಈಗ ಆರ್‌ಸಿಸಿ ಇದೆ, ಮಿಕ್ಕ ಮನೆಗೆ ಹೆಂಚೇ. ಪ್ರತಿ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸ್ತೀನಿ. ಅವರು ಕೇಳಲ್ಲ, ಆದ್ರೆ ತೋರಿಸಿದಾಗ ಬೇಡ ಅನ್ನೋದೂ ಇಲ್ಲ.

ಪುಸ್ತಕ ವಾಪಸ್ ಕೊಡೋಕೆ ಹೋದಾಗ ಮೇಷ್ಟ್ರಿಗೂ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು, "ನಾನು ಇಷ್ಟು ವರ್ಷ ಪಾಠ ಮಾಡಿದೆ. ಎಲ್ಲರೂ ನಕ್ಕರು. ಯಾರಿಗಾದ್ರೂ ಉಪಯೋಗ ಆಯ್ತು ಅಂತ ಗೊತ್ತಾಗಿದ್ದು ಇವತ್ತೇ ಕಣಪ್ಪಾ."