ಮುಡಿಯಾಕೆ ಬಾರದ ಹೂವು

ನಮ್ಮನೆ ಗೇಟು ದಾಟಿ ಒಳಗೆ ಬಂದೋರು ವರಾಂಡದ ಕಿಟಕಿ ಕಡೆ ನೋಡಿ ಕೇಳೋ ಮೊದಲನೇ ಮಾತು, "ಇದನ್ನ ಮುಡಿಯಾಕೆ ಬರ್ತೈತಾ?" ಬರಲ್ಲ ಅಂತೀನಿ. "ದೇವರಿಗೆ ಏರ್ಸಬೋದಾ?" ನಮ್ಮ ಕಡೆ ಯಾರೂ ಏರ್ಸಲ್ಲ ಅಂತೀನಿ. "ಮತ್ತೆ ಯಾಕೆ ಸಾಕಿದೀಯ, ಎರಡು ಬಳ್ಳಿ ಮಲ್ಲಿಗೆ ಹಬ್ಬಿಸಿದ್ರೆ ದಿನಾ ಒಂದು ಮಾರು ಹೂವಾದ್ರೂ ಆಗ್ತಿತ್ತಲ್ಲ?" ಮೂರನೇ ಮನೆ ಅಕ್ಕ ಇದನ್ನ ನಾಲ್ಕು ಸಲ ಕೇಳಿದಾರೆ. ಅವರಿಗೂ ಸೇರಿಸಿ ಇವತ್ತು ಬರೀತಾ ಇದೀನಿ.

ಇದರ ಹೆಸರು ಹೋಯಾ. ಮೇಣದ ಹೂವು ಅಂತಲೂ ಕರೀತಾರೆ, ಆ ಹೆಸರೇ ಸರಿ. ಎಲೆ ದಪ್ಪ, ಹೊಳಪು. ಹೂವು ನೋಡಿದ್ರೆ ಯಾರೋ ಮೇಣ ಕಾಯಿಸಿ ಅಚ್ಚಿಗೆ ಹೊಯ್ದು ತೆಗೆದಂಗೆ ಕಾಣ್ತೈತೆ. ಒಂದೇ ತೊಟ್ಟಿನ ತುದಿಗೆ ಇಪ್ಪತ್ತು ಮೂವತ್ತು ನಕ್ಷತ್ರ, ಎಲ್ಲಾ ಸೇರಿ ಚಿಕ್ಕ ಮಕ್ಕಳ ಛತ್ರಿಯಂಗೆ. ಪ್ರತಿ ನಕ್ಷತ್ರದ ನಡುವೆ ಇನ್ನೊಂದು ಕೆಂಪು ನಕ್ಷತ್ರ. ಅದರ ಮೇಲೆ ಒಂದೊಂದು ಸಲ ಜೇನಿನ ಹನಿ ನಿಂತಿರ್ತೈತೆ, ಕೆಳಗೆ ಒಗೆದ ಬಟ್ಟೆ ಹರಡಿದ್ರೆ ಅಂಟು ಕಲೆ ಆಗೋದು ಗ್ಯಾರಂಟಿ. ಹಗಲೆಲ್ಲಾ ಸುಮ್ಮನಿರೋ ಹೂವು ದೀಪ ಹಚ್ಚೋ ಹೊತ್ತಿಗೆ ಘಮ ಬಿಡಾಕೆ ಶುರು ಮಾಡ್ತೈತೆ. ಒಂಬತ್ತು ಗಂಟೆಗೆ ಅಡಿಗೆಮನೆ ಒರೆಸಿ ಹೊರಗೆ ಬಂದ್ರೆ ಬಾಗಿಲಲ್ಲೇ ಎದುರು ಬರ್ತೈತೆ.

ಪರದೇಶದ ಗಿಡ ಅಂತ ದೂರ ಇಡಬೇಡಿ. ಇದು ನಮ್ಮ ಎಕ್ಕದ ಗಿಡದ ನೆಂಟ. ರಥಸಪ್ತಮಿ ದಿನ ಎಲೆ ತಲೆ ಮೇಲೆ ಇಟ್ಕೊಂಡು ಸ್ನಾನ ಮಾಡ್ತೀವಲ್ಲ, ಅದೇ ಎಕ್ಕ. ಅದರ ಹೂವನ್ನ ಯಾವತ್ತಾದ್ರೂ ಹತ್ತಿರದಿಂದ ನೋಡಿ. ಅದೇ ಐದು ಮೂಲೆ, ಅದೇ ನಡುವಿನ ಕಿರೀಟ, ಅದೇ ಮೇಣದ ಹೊಳಪು. ಎರಡನ್ನೂ ಮುರಿದ್ರೆ ಹಾಲು ಬರ್ತೈತೆ. ಕಣಗಿಲೆ, ನಂದಿಬಟ್ಟಲು, ಪಾನಕಕ್ಕೆ ಹಾಕೋ ಸೊಗದೆ ಬೇರು, ಉಪ್ಪಿನಕಾಯಿ ಹಾಕೋ ಮಾಗಳಿ ಬೇರು, ಇವೆಲ್ಲಾ ಒಂದೇ ವಂಶ. ಮಾಗಳಿ ಬೇರಿನ ಜಾಡಿ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯೋ ವಾಸನೆ ನೆನೆಸ್ಕೊಳ್ಳಿ, ಆ ಮನೆತನದಲ್ಲಿ ಘಮಕ್ಕೇನು ಬರ ಇಲ್ಲ.

ಹೋಯಾ ಅನ್ನೋ ಹೆಸರು ಒಬ್ಬ ತೋಟಗಾರನದು. ಇಂಗ್ಲೆಂಡಿನಲ್ಲಿ ಒಬ್ಬ ಡ್ಯೂಕನ ತೋಟ ನೋಡ್ಕೊಳ್ತಿದ್ದ ಥಾಮಸ್ ಹೋಯ್ ಅನ್ನೋನ ಹೆಸರನ್ನ ರಾಬರ್ಟ್ ಬ್ರೌನ್ ಅನ್ನೋ ಸಸ್ಯಶಾಸ್ತ್ರಜ್ಞ 1810ರಲ್ಲಿ ಇಟ್ಟ. ಡ್ಯೂಕನ ಹೆಸರು ಇಡ್ಲಿಲ್ಲ, ಕೆಲಸ ಮಾಡಿದೋನ ಹೆಸರು ಇಟ್ಟ, ನಂಗೆ ಇದು ಇಷ್ಟ. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲೂ ಮರಕ್ಕೆ ಹಬ್ಬೋ ಹೋಯಾಗಳು ಅದಾವೆ. ಒಂದರ ಹೆಸರು ಹೋಯಾ ವೈಟಿ, ಮದ್ರಾಸಿನಲ್ಲಿ ಕೆಲಸ ಮಾಡ್ತಿದ್ದ ರಾಬರ್ಟ್ ವೈಟ್ ಅನ್ನೋ ಡಾಕ್ಟರ ನೆನಪಿಗೆ ಇಟ್ಟಿದ್ದು. ಅವನ್ನ ಕಾಡಿಂದ ಕಿತ್ಕೊಂಡು ಬರೋದು ಬೇಡ, ನರ್ಸರಿಯಲ್ಲಿ ಬೇಕಾದಷ್ಟು ಸಿಗ್ತಾವೆ.

ನನ್ನ ಹತ್ರ ಈಗ ಐದು ಥರ ಇದಾವೆ. ಮೊದಲನೇದು ಕಾರ್ನೋಸಾ, ಚೀನಾ ಜಪಾನ್ ಕಡೇದು, ತಿಳಿ ಗುಲಾಬಿ ಬಣ್ಣ, ಬೆಲ್ಲದ ಪಾಕ ಎಳೆಗೆ ಬರೋ ಹೊತ್ತಿನ ವಾಸನೆ. ಲ್ಯಾಕುನೋಸಾ ಹೂವು ಬರೀ ಕಾಳಿನಷ್ಟು, ಬಿಳಿ, ಆದ್ರೆ ಚಕ್ಕೆ ಹುರಿದಂಗೆ ಘಮ. ಕಪ್ಪುಗೆಂಪು ಬಣ್ಣದ ಪ್ಯುಬಿಕ್ಯಾಲಿಕ್ಸ್ ಸ್ವಲ್ಪ ಅತಿ ಅನ್ನಿಸ್ತೈತೆ, ಮಲಗೋ ಕೋಣೆ ಕಿಟಕಿ ಹತ್ರ ಇಟ್ರೆ ತಲೆನೋವು. ಎಲೆ ಮುದುರಿ ಹಗ್ಗದಂಗೆ ಹೆಣೆದಿರೋದು ಒಂದು. ಐದನೇದು ಹೃದಯದ ಆಕಾರದ ಎಲೆಯ ಕೆರ್ರಿ, ಅದರದೊಂದು ಕಥೆ. ತಮ್ಮನ ಮಗಳಿಗೆ ಒಂದು ಫೆಬ್ರವರಿ 14ಕ್ಕೆ ಯಾರೋ ಸಣ್ಣ ಕುಂಡದಲ್ಲಿ ನೆಟ್ಟ ಒಂಟಿ ಎಲೆ ಕೊಟ್ಟಿದ್ರು. ಮೂರು ವರ್ಷ ಆಯ್ತು. ಎಲೆ ಹಸಿರಾಗೇ ಐತೆ, ಒಂದು ಚಿಗುರಿಲ್ಲ. ಬರೀ ಎಲೆಗೆ ಬೇರು ಬರ್ತೈತೆ, ಗೆಣ್ಣು ಇಲ್ದೆ ಬಳ್ಳಿ ಬರಲ್ಲ ಕಣ್ರೇ. ಕೊಳ್ಳೋವಾಗ ಕಾಂಡದ ಗೆಣ್ಣು ಐತಾ ಅಂತ ಮಣ್ಣು ಕೆದಕಿ ನೋಡಿ. ಆನ್‌ಲೈನಿನಲ್ಲಿ ಎಲೆ ಮೇಲೆ ಬಿಳಿ ಮಚ್ಚೆ ಇದ್ರೆ ಸಾವಿರಗಟ್ಟಲೆ ಕೇಳ್ತಾರೆ. ಮಚ್ಚೆಗೆ ವಾಸನೆ ಇಲ್ಲ, ನಾನಂತೂ ಕೊಡಲ್ಲ.

ಇದನ್ನೆಲ್ಲ ನಾನು ಕಲಿತಿದ್ದು ನಮ್ಮ ಸೋದರತ್ತೆಯಿಂದ.

ಅತ್ತೆ ನಿಮ್ಮಲ್ಲಿ ಹೆಚ್ಚಿನೋರಿಗೆ ಗೊತ್ತು. ಇಪ್ಪತ್ತಾರಕ್ಕೆ ಗಂಡನ್ನ ಕಳ್ಕೊಂಡು ಹೊಸದುರ್ಗದ ಹತ್ರ ನಮ್ಮ ಊರಿಗೆ, ತವರಿಗೆ ವಾಪಸ್ ಬಂದೋರು. ನಮ್ಮನ್ನೆಲ್ಲ ಬೆಳೆಸಿದ್ದು ಅವರೇ. ಊರಲ್ಲಿ ಅವರಷ್ಟು ಚೆನ್ನಾಗಿ ಹೂವು ಕಟ್ಟೋರು ಇರ್ಲಿಲ್ಲ. ಸಂಜೆ ಜಗುಲಿ ಮೇಲೆ ಬಾಳೆನಾರು ನೆನೆಸಿಟ್ಕೊಂಡು ಕೂತ್ರೆ ಕಾಕಡ, ಕನಕಾಂಬರ, ಮರುಗ ಸೇರಿಸಿ ಮಾರುಗಟ್ಟಲೆ ಕಟ್ಟೋರು. ಅಮ್ಮನಿಗೆ, ಚಿಕ್ಕಮ್ಮನಿಗೆ, ಪಕ್ಕದ ಮನೆಯೋರಿಗೆ, ನಮ್ಮ ಜಡೆಗೆ, ದೇವರ ಪಟಕ್ಕೆ. ಕಟ್ಟಿ ಮುಗಿದ ಮೇಲೆ ಉಳಿದ ದಳನೂ ಸೆರಗಿಂದ ಕೊಡವಿ ಏಳೋರು. ಕಟ್ಟಬಹುದು, ಮುಡಿಯಂಗಿಲ್ಲ. ವರಮಹಾಲಕ್ಷ್ಮಿ ದಿನ ಹೋಳಿಗೆ ಎಲ್ಲಾ ಅವರದೇ ಕೈಯಿಂದ, ಮುತ್ತೈದೆಯರು ಬರೋ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೀತಿರೋರು. ನಮಗೆ ಅದು ವಿಚಿತ್ರ ಅಂತಾನೇ ಅನ್ನಿಸ್ತಿರ್ಲಿಲ್ಲ, ಅಷ್ಟು ಅಭ್ಯಾಸ ಆಗಿತ್ತು.

2011ರ ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕಾರ್ನೋಸಾದ ಒಂದು ಸಸಿ ತಂದಿದ್ದೆ. ಆಗ ನಾವು ಬಾಡಿಗೆ ಮನೆಯಲ್ಲಿದ್ವಿ, ಇಡಾಕೆ ಜಾಗ ಇಲ್ಲದೆ ಊರಿಗೆ ತಗೊಂಡು ಹೋದೆ. ಅತ್ತೆ ಎಲೆ ಮುಟ್ಟಿ ನೋಡಿದ್ರು.

"ಇದರ ಹೂವು ಮುಡೀತಾರೇನೆ?"

"ಇಲ್ಲತ್ತೆ. ಹಾಲು ಬರ್ತೈತೆ, ಕಿತ್ರೆ ಅಂಟು."

"ದೇವರಿಗೆ?"

"ಯಾರೂ ಇಡೋದು ನೋಡಿಲ್ಲ."

"ಹಂಗಾದ್ರೆ ನನ್ನ ಹತ್ರ ಬಿಟ್ಟು ಹೋಗು."

ಅವತ್ತು ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಿದ್ದು ಆಮೇಲೆ. ಮಲ್ಲಿಗೆಗೆ, ಸೇವಂತಿಗೆಗೆ, ಎಲ್ಲದಕ್ಕೂ ಯಾರು ಮುಡೀಬೇಕು ಯಾರು ಮುಡೀಬಾರದು ಅಂತ ಹಿಂದಿನೋರು ಬರೆದಿಟ್ಟಿದ್ರು. ಈ ಹೂವಿನ ಬಗ್ಗೆ ಯಾರೂ ಏನೂ ಹೇಳಿರ್ಲಿಲ್ಲ.

ಜಗುಲಿ ಪಕ್ಕದ ಮರದ ಕಿಟಕಿಗೆ ಹಬ್ಬಿಸಿದ್ರು. ನಾಲ್ಕು ವರ್ಷ ಬರೀ ಎಲೆ. 2015ರ ಬೇಸಿಗೆಯಲ್ಲಿ ಮೊದಲ ಗೊಂಚಲು ಬಿಡ್ತು. ಕರೆಂಟು ಹೋದ ರಾತ್ರಿ ಅತ್ತೆ ಕಿಟಕಿ ಕೆಳಗೆ ಗೋಡೆಗೆ ಒರಗಿ ಕೂತಿದ್ರಂತೆ, ಹನ್ನೊಂದಾದ್ರೂ ಒಳಗೆ ಬರ್ಲಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದ್ಲು. ಆ ವಾರ ಬಂದ ನೆಂಟರೊಬ್ಬರು "ಈ ವಯಸ್ಸಲ್ಲಿ ನಿಂಗೆ ಹೂವಿನ ಹುಚ್ಚೇನೆ" ಅಂದ್ರಂತೆ. "ಹೂವೆಲ್ಲಿ, ಇದು ಮೇಣ" ಅಂದ್ರಂತೆ ಅತ್ತೆ.

ಈಗ ಸಾಕೋ ವಿಷಯ. ನಮ್ಮ ಜಿಲ್ಲೆ ಹವಾಮಾನ ಇದಕ್ಕೆ ಅಷ್ಟಕ್ಕಷ್ಟೆ. ಕಾಡಿನಲ್ಲಿ ಮರದ ತೊಗಟೆ ಹಿಡಿದು, ತಂಪು ಗಾಳಿ ಕುಡಿದು ಬದುಕೋ ಬಳ್ಳಿ ಇದು. ನಮ್ಮಲ್ಲಿ ಗಾಳಿಗೇನು ಕಮ್ಮಿ ಇಲ್ಲ, ಗುಡ್ಡದ ತುಂಬಾ ಗಾಳಿಯಂತ್ರ ತಿರುಗ್ತಾವೆ, ಆದ್ರೆ ಒಣ ಗಾಳಿ. ಅದಕ್ಕೆ ಪೂರ್ವದ ಕಡೆ, ಬೆಳಗಿನ ಎಳೆ ಬಿಸಿಲು ಮಾತ್ರ ಬೀಳೋ ಜಾಗ ಹುಡುಕಿ. ಹಿರಿಯೂರಿನ ವಾರಗಿತ್ತಿ ಟೆರೇಸ್ ಮೇಲೆ ಇಟ್ಟಿದ್ಲು, ಏಪ್ರಿಲ್ ಮುಗಿಯೋದ್ರೊಳಗೆ ಎಲೆ ಹಪ್ಪಳ ಆಯ್ತು. ಬಚ್ಚಲ ಹಿಂದೆ ನಿಂಬೆಗಿಡದ ಕೆಳಗೆ ತಂದು ನೇತು ಹಾಕಿದ ಮೇಲೆ ಬದುಕ್ತು, ಅಲ್ಲಿ ಯಾವಾಗಲೂ ಸ್ವಲ್ಪ ತೇವ. ಹೊಳಲ್ಕೆರೆ ಅಕ್ಕನ ಅಡಿಕೆ ತೋಟದ ನೆರಳಲ್ಲಂತೂ ಕೇಳೋದೇ ಬೇಡ, ನಮ್ಮೆಲ್ಲರಿಗಿಂತ ಚೆಂದ ಬಂದೈತೆ, ಆಕೆ ನೋಡ್ಕೊಳ್ಳೋದು ನಮ್ಮೆಲ್ಲರಿಗಿಂತ ಕಮ್ಮಿ.

ಎರೆಮಣ್ಣು ಮುಟ್ಟಿಸಬೇಡಿ, ಬೇರು ಕೊಳೀತೈತೆ. ತೆಂಗಿನಕಾಯಿ ಮಟ್ಟೆಯನ್ನ ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ ಒಂದು ವಾರ ನೀರು ಬದಲಿಸ್ತಾ ನೆನೆಸಿ, ಕಂದು ನೀರು ತಿಳಿ ಆಗೋ ತನಕ. ಅದಕ್ಕೆ ಇದ್ದಿಲು, ಹೆಂಚಿನ ಚೂರು, ಒಂದು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ. ಚಟ್ಟಿ ಚಿಕ್ಕದಿರಲಿ, ಬೇರು ಇಕ್ಕಟ್ಟಿದ್ರೇನೇ ಹೂವಿನ ಮನಸ್ಸು ಮಾಡ್ತೈತೆ. ನೀರು ದಿನಾ ಬೇಡ. ಎಲೆಯನ್ನ ಮೆಲ್ಲಗೆ ಬಗ್ಗಿಸಿ ನೋಡಿ, ಗಟ್ಟಿ ಇದ್ರೆ ಬಿಡಿ, ಚಪಾತಿಯಂಗೆ ಬಗ್ಗಿದ್ರೆ ಹಾಕಿ. ನಮ್ಮ ಬೋರಿನ ನೀರು ಗಡಸು, ಎಲೆ ಮೇಲೆ ಬಿಳಿ ಪೊರೆ ಕಟ್ತೈತೆ, ಹಂಗಾಗಿ ಮಳೆನೀರು ಒಂದು ಡ್ರಮ್ ಹಿಡಿದಿಟ್ಕೊಂಡಿದೀನಿ. ರಸ್ತೆ ಆಚೆ ಎಕ್ಕದ ಗಿಡದಲ್ಲಿ ಕೂರೋ ಹಳದಿ ಹೇನು ನೆಂಟಸ್ತನ ಹುಡುಕ್ಕೊಂಡು ಇಲ್ಲಿಗೂ ಬರ್ತೈತೆ. ಸೋಪಿನ ನೀರಲ್ಲಿ ತೊಳೆದ್ರೆ ಸಾಕು.

ಎರಡು ವಿಷಯ ಮಾತ್ರ ಮರೀಬೇಡಿ. ಎಲೆ ಇಲ್ದೆ ಚಾವಟಿಯಂಗೆ ಉದ್ದಕ್ಕೆ ಬರೋ ಬಳ್ಳಿ ಒಣಗಿದ್ದು ಅಂತ ಕತ್ತರಿಸಬೇಡಿ, ಎಲೆ ಆಮೇಲೆ ಬರ್ತೈತೆ. ಹೂವು ಉದುರಿದ ಮೇಲೆ ಉಳಿಯೋ ಮೊಂಡು ತೊಟ್ಟನ್ನಂತೂ ಮುಟ್ಟಲೇಬೇಡಿ. ಮುಂದಿನ ಸಲದ ಗೊಂಚಲು ಅದೇ ತೊಟ್ಟಿನ ತುದಿಗೆ ಬರ್ತೈತೆ. ಅದಕ್ಕೇ ಇದರ ಹೂವು ಕೀಳಬಾರದು ಅನ್ನೋದು. ವರ್ಷ ವರ್ಷ ಅದೇ ಮನೆಗೆ ಬರೋ ಹೂವು.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, 1933 ಆದ ಮೇಲೆ ಅದೇ ಮೊದಲು, 89 ವರ್ಷಕ್ಕೆ. ಅತ್ತೆಯನ್ನ ಕರ್ಕೊಂಡು ಹೋಗಿದ್ದೆ. ಕೆರೆ ನೋಡಿ ವಾರಗಿತ್ತಿ ಮನೆಗೆ ಹೋಗಿ ಬಳ್ಳಿ ತುಂಡು ಕೊಟ್ಟು ಬಂದಿದ್ದು ಅವತ್ತೇ. ಅದರ ಮರುವರ್ಷ ಬರ. ಅದೇ ವರ್ಷ ನಮ್ಮ ಊರಿನ ಮನೆ ಪಾಲಾಯ್ತು.

ಪಾಲಿನ ಮಾತು ಇಲ್ಲಿ ಹೆಚ್ಚು ಬೇಡ, ಓದೋರಲ್ಲಿ ಎರಡೂ ಕಡೆಯೋರು ಇದೀರಿ. ಜಗುಲಿ ಇರೋ ಮುಂಭಾಗ ಒಡೆದು ಹೊಸದು ಕಟ್ಟೋದು ಅಂತಾಯ್ತು. ಅತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಬೇಕಿತ್ತು. 2005ರ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಐತತ್ತೆ, ಕೇಳಿ ಅಂದೆ. "ಗೊತ್ತು ಕಣೆ, ರೇಡಿಯೋದಾಗೆ ಕೇಳೀನಿ" ಅಂದ್ರು. ಐವತ್ತು ವರ್ಷ ಇದ್ದ ಮನೆ. ಸೈನ್ ಹಾಕಿ, ಪೆನ್ನಿನ ಕ್ಯಾಪು ಮುಚ್ಚಿ, "ನಂಗೆ ಆ ಕಿಟಕಿ ಬೇಕು" ಅಂದ್ರು.

ಎಲ್ಲಾ ಮುಖ ಮುಖ ನೋಡ್ಕೊಂಡ್ರು. ಹನ್ನೆರಡು ವರ್ಷದ ಬಳ್ಳಿ ಸರಳಿಗೆಲ್ಲ ಹೆಣಕೊಂಡಿತ್ತು, ಬಿಡಿಸಿದ್ರೆ ಹಳೇ ತೊಟ್ಟುಗಳೆಲ್ಲ ಮುರೀತಾವೆ. ಬಡಗಿ ಬಂದು ಚೌಕಟ್ಟಿನ ಸುತ್ತ ಗಾರೆ ಬಿಡಿಸಿ ಕಿಟಕಿ ಇಡಿಯಾಗಿ ತೆಗೆದ. ಲಗೇಜ್ ಆಟೋದಲ್ಲಿ ಹಳೇ ಜಮಖಾನ ಸುತ್ತಿ ನಿಲ್ಲಿಸಿದ್ವಿ. ಅತ್ತೆ ಮುಂದೆ ಕೂರಲ್ಲ ಅಂದ್ರು, ಎಪ್ಪತ್ತಾರರ ಹೆಂಗಸು ಹಿಂದೆ ಕಿಟಕಿ ಹಿಡ್ಕೊಂಡು ಕೂತ್ರು. ಹೊಳಲ್ಕೆರೆಯಲ್ಲಿ ಅಕ್ಕನ ಮನೆ ಮುಂದೆ ನಿಲ್ಲಿಸಿ ಕಾಫಿ ಕುಡಿದು, ಮುರಿದು ಬಿದ್ದಿದ್ದ ಒಂದು ತುಂಡು ಅಲ್ಲಿ ಕೊಟ್ಟು, ಕತ್ತಲಾಗೋ ಹೊತ್ತಿಗೆ ದುರ್ಗ ಸೇರಿದ್ವಿ. ದಾರಿಯಲ್ಲಿ ಜನ ಮನೆ ಬಿಟ್ಟು ಕಿಟಕಿ ಸಾಗಿಸ್ತಾರಲ್ಲ ಅಂತ ನೋಡ್ತಿದ್ರು.

ಆ ವರ್ಷ ಎಲೆ ಅರ್ಧ ಹಳದಿಯಾಗಿ ಉದುರ್ತು. ಮುಂದಿನ ವರ್ಷ ಹೂವಿಲ್ಲ. ಅತ್ತೆನೂ ಹಂಗೇ ಇದ್ರು, ನಮ್ಮನೆಯಲ್ಲಿ ನೆಂಟರ ಥರ, ಲೋಟ ಎಲ್ಲಿ ಅಂತ ಕೇಳಿ ನೀರು ಕುಡಿಯೋರು. 2025ರ ಮೇನಲ್ಲಿ ಹಳೇ ಮೊಂಡು ತೊಟ್ಟಿನ ತುದಿಯಲ್ಲಿ ಸಾಸಿವೆಯಷ್ಟು ಮೊಗ್ಗು ಕಂಡ್ವು. ಒಂದಲ್ಲ, ಏಳು ಗೊಂಚಲು. ಅವತ್ತು ಅತ್ತೆ ತಾವೇ ಡಬ್ಬಿ ಹುಡುಕಿ ರವೆ ಹುರಿದು ಉಪ್ಪಿಟ್ಟು ಮಾಡಿದ್ರು, ನನ್ನನ್ನ ಏನೂ ಕೇಳ್ಲಿಲ್ಲ.

ತುಂಡು ಬೇಕಾದೋರು ಮುಂಗಾರು ಹಿಡಿದ ಮೇಲೆ ಬನ್ನಿ, ಬೇಸಿಗೆಯಲ್ಲಿ ಕೊಡಲ್ಲ. ಎರಡು ಗೆಣ್ಣಿನ ತುಂಡು ಕತ್ತರಿಸಿ, ಹಾಲು ತೊಳೆದು, ಒಂದು ದಿನ ನೆರಳಲ್ಲಿ ಆರಿಸಿ ಒದ್ದೆ ಮಟ್ಟೆ ಚೂರಿನಲ್ಲಿ ಇಟ್ರೆ ತಿಂಗಳೊಳಗೆ ಬೇರು. ಕತ್ತರಿಸೋರು ಅತ್ತೆ, ಯಾವ ತೊಟ್ಟು ಎಲ್ಲೈತೆ ಅಂತ ಅವರಿಗೇ ಗೊತ್ತಿರೋದು. ಸಂಜೆ ಏಳರ ಮೇಲೆ ಬಂದ್ರೆ ಘಮನೂ ಸಿಗ್ತೈತೆ. ಖಾಲಿ ಚಟ್ಟಿ ನೀವೇ ತನ್ನಿ, ನಮ್ಮನೇಲಿ ಒಂದೂ ಉಳಿದಿಲ್ಲ.