ಗುಲಾಬಿ ಗಿಡದಲ್ಲಿ ಪುಟಾಣಿ ಸೇಬು

2020ರ ಯುಗಾದಿಯನ್ನು ನಮ್ಮ ಮನೆಯಲ್ಲಿ ಯಾರೂ ಮರೆಯಲ್ಲ. ಮಾರ್ಚ್ 25. ಅವತ್ತೇ ಲಾಕ್‌ಡೌನ್ ಶುರುವಾಗಿದ್ದು. ಚಿಂತಾಮಣಿ ಹತ್ತಿರದ ನಮ್ಮೂರಲ್ಲಿ ಅಪ್ಪ ಅರ್ಧ ಎಕರೆಗೆ ಬಟನ್ ರೋಸ್ ಹಾಕಿದ್ದರು. ಡ್ರಿಪ್ಪು, ಗೊಬ್ಬರ ಎಲ್ಲಾ ಸಾಲದ್ದು. ಹಬ್ಬಕ್ಕೆಂದು ಕಾದ ಹೂ ಅರಳಿ ನಿಂತಿತ್ತು, ಕೊಳ್ಳೋರೇ ಇಲ್ಲ.

ಹಬ್ಬಕ್ಕೆ ಮಗಳ ಜೊತೆ ಬಂದಿದ್ದ ನಾನು ತವರಲ್ಲೇ ಉಳಿದೆ. ಬೆಳಿಗ್ಗೆ ಅಮ್ಮ ಎಂದಿನಂತೆ ಮಂಕರಿ ಹಿಡಿದು ತೋಟಕ್ಕೆ ಹೊರಟಳು. "ಯಾರಿಗಮ್ಮ ಹೂ ಬಿಡಿಸ್ತೀಯಾ? ಗಿಡದಲ್ಲೇ ಇರ್ಲಿ ಬಿಡು" ಅಂದೆ.

"ಬಿಟ್ರೆ ಕಾಯಿ ಕಟ್ಟುತ್ತೆ ಕಣೆ. ಕಾಯಿ ಸಾಕೋ ಗಿಡ ಸರಿಯಾಗಿ ಹೂ ಕೊಡಲ್ಲ" ಅಂದಳು. ಬಿಡಿಸಿದ ಹೂವನ್ನು ತಿಪ್ಪೆಗೆ ಸುರಿಯುವಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದಳು. ಅಪ್ಪ ತೋಟದ ಕಡೆ ಹೋಗುವುದನ್ನೇ ಬಿಟ್ಟರು. "ಎಲ್ಲಾ ಕೀಳಿಸಿ ಟೊಮೇಟೊ ಹಾಕ್ತೀನಿ" ಅಂತ ಒಂದೇ ಮಾತು. ಟ್ರ್ಯಾಕ್ಟರಿಗೂ ದುಡ್ಡಿರಲಿಲ್ಲ, ಹಾಗಾಗಿ ಗಿಡ ಉಳೀತು.

ಅಮ್ಮನ ಕೈ ಸಾಗದೆ ಕೊನೆಯ ಸಾಲು ಹಾಗೇ ಉಳಿದಿತ್ತು. ದಳ ಉದುರಿ, ಹೂವಿನ ಬುಡ ದಪ್ಪವಾಗಿ, ಮಳೆಗಾಲದ ಹೊತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಮಗಳು ಒಂದನ್ನು ಕಿತ್ತು ತಂದು, "ಅಜ್ಜಿ, ಪುಟಾಣಿ ಸೇಬು!" ಅಂತ ಕೂಗಿದಳು.

ನಿಜ, ತುದಿಯಲ್ಲಿ ಸೇಬಿಗಿರುವಂಥದೇ ಒಣಗಿದ ಕುಚ್ಚು. ಮೊಬೈಲಿನಲ್ಲಿ ಹುಡುಕಿದರೆ ಸೇಬು, ಬೇರಿಕಾಯಿ, ಪ್ಲಮ್, ಸ್ಟ್ರಾಬೆರಿ, ಬಾದಾಮಿ ಎಲ್ಲವೂ ಗುಲಾಬಿಯ ಕುಟುಂಬದವೇ! ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಸಿಗದೆ ಬ್ರಿಟನ್ನಿನ ಜನ ಕಾಡುಗುಲಾಬಿಯ ಕಾಯಿ ಆರಿಸಿ ಮಕ್ಕಳಿಗೆ ಸಿರಪ್ ಮಾಡಿಸಿದ್ದರಂತೆ, ಅದರಲ್ಲಿ ವಿಟಮಿನ್ ಸಿ ಹೆಚ್ಚು. ನಮ್ಮದಕ್ಕೆ ಔಷಧಿ ಹೊಡೆದಿದ್ದರಿಂದ ನಾವು ಬಾಯಿಗಿಡಲಿಲ್ಲ.

"ಸೇಬು ಅಂದ್ರೆ ಆಸ್ಪತ್ರೆಗೆ ಒಯ್ಯೋದು ಅಂದ್ಕೊಂಡಿದ್ದೆ. ನಮ್ ತೋಟದ ನೆಂಟನಾ ಅದು?" ಅಪ್ಪ ಎಷ್ಟೋ ತಿಂಗಳ ಮೇಲೆ ನಕ್ಕರು. ಮಾರನೇ ದಿನ ಕತ್ತರಿ ಹಿಡಿದು ತೋಟಕ್ಕೆ ಹೋದರು.

ವರಮಹಾಲಕ್ಷ್ಮಿ ಹಬ್ಬಕ್ಕೆ ಹೂ ಕೇಳಿಕೊಂಡು ಬಂದರು. ಅಮ್ಮ ದಿನಾ ಬಿಡಿಸಿ ಕಾಪಾಡಿದ ಸಾಲುಗಳಲ್ಲಿ ಮೊಗ್ಗು ತುಂಬಿತ್ತು. ಸಾಲ ತೀರಲಿಲ್ಲ, ಬಡ್ಡಿ ಕಟ್ಟಿದೆವು.

ನಿಮ್ಮ ಮನೆಯ ಕುಂಡದಲ್ಲೂ ಬಾಡಿದ ಗುಲಾಬಿಯನ್ನು ಬಿಡಬೇಡಿ, ಕತ್ತರಿಸಿ. ಹೊಸ ಚಿಗುರು ಬರುತ್ತೆ. ಅಮ್ಮ ಮಾತ್ರ ಈಗಲೂ ಮೂಲೆಯ ಒಂದು ಗಿಡದ ಹೂ ಬಿಡಿಸಲ್ಲ. ಕೇಳಿದರೆ, "ಮೊಮ್ಮಗಳ ಸೇಬು ಅದು" ಅನ್ನುತ್ತಾಳೆ.