ಡ್ರಮ್ಮಿನ ಅಂಗಿ

‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ವರ್ಷಗಳಿಂದ ಮಕ್ಕಳಿಗೆ ಕೊಡುತ್ತ ಬಂದಿದ್ದೇನೋ ಲೆಕ್ಕವಿಲ್ಲ. ಹೊರಗಿನ ಅಂದಕ್ಕೆ ಮರುಳಾಗಬಾರದೆಂದು ನಾಲ್ಕು ಸಾಲು ಬರೆದು ಅವರೂ ಪಾಪ, ನಾಲ್ಕಕ್ಕೆ ಮೂರು ಅಂಕ ಗಿಟ್ಟಿಸಿಕೊಳ್ಳುತ್ತಾರೆ. ಹೋದ ಬೇಸಿಗೆ ರಜೆಯಲ್ಲಿ ಅರಸೀಕೆರೆಯ ತೌರಿಗೆ ಹೋಗಿ ಬಂದ ಮೇಲೆ ಮಾತ್ರ ಯಾಕೋ ಆ ಗಾದೆಯನ್ನು ಕೊಡಲು ಮನಸ್ಸು ಬರುತ್ತಿಲ್ಲ.

ನಾನು ಹೋದ ದಿನ ಅಣ್ಣನ ಮಗ ತನ್ನಪ್ಪನ ಹಳೆಯ ಡ್ರಮ್ ಸೆಟ್ಟನ್ನು ಅಟ್ಟದಿಂದ ಇಳಿಸಿ ಹಜಾರದ ತುಂಬ ಹರಡಿಕೊಂಡು ಕೂತಿದ್ದ. ಕಾಲಿಡಲು ಜಾಗವಿರಲಿಲ್ಲ. “ಅತ್ತೆ, ಇದಕ್ಕೆ ಸನ್‌ಮೈಕಾ ಅಂಟಿಸಿದ ಮಹಾನುಭಾವರು ಯಾರು?” ಎಂದು ನಗುತ್ತ ಕೇಳಿದ. ನಾನೂ ನಕ್ಕೆ. ಆ ಡ್ರಮ್ಮನ್ನು ನೋಡಿ ಮೊದಲು ನಕ್ಕವಳೇ ನಾನು.

1986ರಲ್ಲಿ ಅಣ್ಣ ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸಲು ಸೇರಿಕೊಂಡ. ನಮ್ಮೂರೆಂದರೆ ಗಣಪತಿ ಪೆಂಡಾಲಿನ ಊರು. ಗಣಪತಿ ಕೂತನೆಂದರೆ ಆರ್ಕೆಸ್ಟ್ರಾದವರಿಗೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಬೆಂಗಳೂರಿನ ಹೋಟೆಲೊಂದರಲ್ಲಿ ಬಾರಿಸುತ್ತಿದ್ದ ಹಿರಿಯರೊಬ್ಬರಿಂದ ಅಣ್ಣ ಹಳೆಯ ವಿಲಾಯಿತಿ ಸೆಟ್ಟೊಂದನ್ನು ಕೊಂಡು, ಗೋಣಿಚೀಲದಲ್ಲಿ ಸುತ್ತಿ, ರೈಲಿನಲ್ಲಿ ತಂದ. ಕಂಪನಿಯ ಹೆಸರಿನ ತಗಡು ಎಂದೋ ಕಿತ್ತುಹೋಗಿತ್ತು. ಆದರೆ ಮೈತುಂಬ ಮುತ್ತಿನ ಚಿಪ್ಪಿನಂಥ ಬಿಳಿ ಹೊಳಪು. ದೀಪ ಬಿದ್ದರೆ ಒಳಗೆ ಮೋಡ ತೇಲಿದಂತೆ ಕಾಣುತ್ತಿತ್ತು. “ಎಷ್ಟು ಚೆಂದ ಇದೆಯೋ, ಇದನ್ನು ಹೊಡೀಬೇಡ್ವೋ!” ಎಂದಿದ್ದರು ಅಮ್ಮ.

ಆ ಹೊಳಪು ಬಣ್ಣವಲ್ಲ, ಮರದ ಮೇಲೆ ಸುತ್ತಿ ಅಂಟಿಸಿದ ಹಾಳೆ ಎಂದು ನನಗೆ ತಿಳಿದದ್ದು ಮೊನ್ನೆ, ಅಣ್ಣನ ಮಗನಿಂದ. ಡ್ರಮ್ಮಿನ ಮೈಯೆಂದರೆ ತೆಳು ಮರದ ಪದರಗಳನ್ನು ಬಗ್ಗಿಸಿ ಮಾಡಿದ ಬಳೆ. ಅದರ ಬೆಸುಗೆ, ಗಂಟು ಎಲ್ಲವನ್ನೂ ಮುಚ್ಚಲು ಹಿಂದಿನವರು ಸೆಲ್ಯುಲಾಯ್ಡ್ ಹಾಳೆ ಸುತ್ತುತ್ತಿದ್ದರು. ನಮ್ಮಜ್ಜಿಯ ಬಾಚಣಿಗೆ, ಹಳೆಯ ಸಿನಿಮಾ ರೀಲು ಎಲ್ಲ ಅದರದೇ. ಹತ್ತಿಯ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ, ಅದಕ್ಕೆ ಕರ್ಪೂರ ಬೆರೆಸಿದರೆ ಸೆಲ್ಯುಲಾಯ್ಡ್. ಅಮೆರಿಕದ ಹಯಾಟ್ ಎಂಬಾತ 1870ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇಂಥದೇ ಮುತ್ತಿನ ಹಾಳೆಯನ್ನು ಅಮೆರಿಕದವರು ಕಕ್ಕಸಿನ ಕುರ್ಚಿಯ ಮುಚ್ಚಳಕ್ಕೂ ಹಾಕುತ್ತಿದ್ದರಂತೆ. ಅದಕ್ಕೇ ವಾದ್ಯದವರು ಈ ಹೊಳಪನ್ನು ‘ಕಕ್ಕಸಿನ ಮುತ್ತು’ ಎಂಬರ್ಥದ ಅಡ್ಡಹೆಸರಿನಿಂದ ಕರೆದು ನಗುತ್ತಾರಂತೆ!

“ಹಾಗಂತ ಹಗುರವಾಗಿ ನೋಡಬೇಡಿ ಅತ್ತೆ” ಎಂದು ಹುಡುಗ ಮತ್ತೊಂದು ಕತೆ ಹೇಳಿದ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ 1963ರಲ್ಲಿ ಲಂಡನ್ನಿನ ‘ಡ್ರಮ್ ಸಿಟಿ’ ಅಂಗಡಿಗೆ ಹೋಗಿ, ಕಪ್ಪು ಮುತ್ತಿನ ಹಾಳೆಯ ತುಂಡೊಂದನ್ನು ಕಂಡು ಮರುಳಾಗಿ, ಆ ಬಣ್ಣಕ್ಕಾಗಿಯೇ ಷಿಕಾಗೋದ ಲುಡ್ವಿಗ್ ಡ್ರಮ್ ಬೇಕೆಂದನಂತೆ. ಸೀರೆಯಂಗಡಿಯಲ್ಲಿ ನಾವು ಸೆರಗಿಗೆ ಮರುಳಾಗಿ ಸೀರೆ ತರುವುದಿಲ್ಲವೇ, ಹಾಗೆ. 1964ರ ಫೆಬ್ರವರಿ 9ರಂದು ಅಮೆರಿಕದ ಟೀವಿಯಲ್ಲಿ ಸುಮಾರು 7 ಕೋಟಿ 30 ಲಕ್ಷ ಜನ ಆ ತಂಡವನ್ನು ನೋಡಿದರು. ಆಮೇಲೆ ಲುಡ್ವಿಗ್ ಕಂಪನಿಗೆ ಬೇಡಿಕೆಯ ಸುರಿಮಳೆ. 2015ರ ಹರಾಜಿನಲ್ಲಿ ರಿಂಗೋನ ಆ ಕಪ್ಪು ಮುತ್ತಿನ ಸೆಟ್ಟು 20 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು.

ನಮ್ಮಣ್ಣನ ಮುತ್ತಿಗೆ ಅಂಥ ಯೋಗವಿರಲಿಲ್ಲ. ದೇವರಮನೆಯ ಕರ್ಪೂರದ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಸೆಲ್ಯುಲಾಯ್ಡಿನಿಂದಲೂ ಕರ್ಪೂರ ವರ್ಷ ವರ್ಷಕ್ಕೆ ಹೀಗೇ ಹಾರಿಹೋಗುತ್ತದೆ. ಹಾಳೆ ಕುಗ್ಗುತ್ತದೆ, ಸೇರಿಕೆ ಬಿಡುತ್ತದೆ, ಬಿರುಕು ಬರುತ್ತದೆ, ಬಿಳುಪು ತುಪ್ಪದ ಬಣ್ಣಕ್ಕೆ ತಿರುಗುತ್ತದೆ. 1993ರ ಹೊತ್ತಿಗೆ ಅಣ್ಣನ ದೊಡ್ಡ ಡ್ರಮ್ಮಿನ ಸಿಪ್ಪೆ ಬಾಯಿ ಬಿಟ್ಟುಕೊಂಡಿತ್ತು.

ಮಾರನೆಯ ವರ್ಷ ನನ್ನ ಮದುವೆ. ಆಚಾರಿ ಮನೆಯಲ್ಲೇ ಕೂತು ನನಗೆ ಮಂಚ, ಕಪಾಟು ಮಾಡಿದರು. ಕಪಾಟಿಗೆ ತಿಳಿಹಸಿರು ಸನ್‌ಮೈಕಾ. ಮಿಕ್ಕ ಹಾಳೆಯನ್ನು ಅಣ್ಣ ಡ್ರಮ್ಮಿಗೆ ಸುತ್ತಿಸಿದ. ದೊಡ್ಡದಕ್ಕೆ ಸಲೀಸಾಗಿ ಬಗ್ಗಿತು. ಪುಟ್ಟದಕ್ಕೆ ಬಗ್ಗಿಸುವಾಗ ಪಟ್ಟೆಂದು ಸೀಳಿ, ಇನ್ನೊಂದು ತುಂಡನ್ನು ಕೆಂಡದ ಮೇಲೆ ಕಾಯಿಸಿ ಬಗ್ಗಿಸಬೇಕಾಯಿತು. ಅಂಟು ಆರುವ ತನಕ ಸೈಕಲ್ ಟ್ಯೂಬು ಬಿಗಿದು ಕಟ್ಟಿದ್ದರು. ಬೀಗರ ಕಡೆಯವರ ಮುಂದೆ ನಾನು, “ನಮ್ಮಣ್ಣ ಈಗ ಅಡುಗೆಮನೆ ಕಪಾಟು ಬಾರಿಸ್ತಾನೆ” ಎಂದೆ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆ ವರ್ಷದ ಗಣಪತಿ ಮುಗಿದ ಮೇಲೆ ಆರ್ಕೆಸ್ಟ್ರಾ ಬಿಟ್ಟ. ಸಂಸಾರಸ್ಥನಾಗುವವನಿಗೆ ಇದೆಲ್ಲ ಯಾಕೆಂದು ಬಿಟ್ಟನೆಂದುಕೊಂಡಿದ್ದೆ.

ಮೂರು ಕಾಲಿನ ಡ್ರಮ್ಮೊಂದಕ್ಕೆ ಆಚಾರಿ ಹಳೆಯ ಹಾಳೆಯನ್ನು ತೆಗೆಯದೆ ಮೇಲೇ ಸನ್‌ಮೈಕಾ ಅಂಟಿಸಿದ್ದರು. ಅದರಿಂದ ಮೈ ದಪ್ಪವಾಗಿ, ಹೊಡೆಯುವ ಚರ್ಮ ಸರಿಯಾಗಿ ಕೂರದೆ, ನಾದವೇ ಸತ್ತಿತ್ತು. ಹುಡುಗ ಅದನ್ನು ಬಿಡಿಸಲು ಕೂತ. ನಾನು ಇಸ್ತ್ರಿಪೆಟ್ಟಿಗೆ ತರಲು ಎದ್ದರೆ, “ಬೇಡಿ ಅತ್ತೆ, ಒಳಗಿನದು ಸೆಲ್ಯುಲಾಯ್ಡ್ ಆದರೆ ಭಗ್ಗೆಂದು ಹತ್ತಿಕೊಳ್ಳುತ್ತೆ” ಎಂದು ತಡೆದು, ತೆಳು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿದ. ಅಂಟು ಒಣಗಿತ್ತು, ಬಿಟ್ಟುಕೊಂಡಿತು. ಅಂಚನ್ನು ಸ್ವಲ್ಪ ಉಜ್ಜಿದಾಗ ಸಣ್ಣಗೆ ಕರ್ಪೂರದ ವಾಸನೆ. ಮೈಯೆಲ್ಲ ಹಳದಿ. ಆದರೆ ಮೊಳೆ ಬಿಗಿಯುವ ಲೋಹದ ತುಂಡುಗಳನ್ನು ಕಳಚಿದ ಕಡೆ, ಬೆರಳಗಲದ ಜಾಗದಲ್ಲಿ, ಅಮ್ಮ ಮೆಚ್ಚಿದ ಆ ಬಿಳಿ ಮೋಡ ಹಾಗೇ ಇತ್ತು.

ಅಲ್ಲೇ ಅವರೆ ಸುಲಿಯುತ್ತಿದ್ದ ಅತ್ತಿಗೆ ಮೆಲ್ಲಗೆ ಹೇಳಿದರು: “ಹೊಸ ಸೆಟ್ಟಿಗೆ ಅಂತ ಇವರು ಏಳು ಸಾವಿರ ಕೂಡಿಟ್ಟಿದ್ರಂತೆ. ನಿಮ್ಮ ಮಂಚಕ್ಕೂ ಕಪಾಟಿಗೂ ಹೋಯ್ತು. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ರು. ಈಗ ಹೇಳಿದ್ರೆ ತಪ್ಪಿಲ್ಲ ಬಿಡಿ.”

ನನಗೆ ಏನು ಹೇಳಲೂ ತೋಚಲಿಲ್ಲ. ಥಳಕು, ಹುಳುಕು ಎಂದು ಪಾಠ ಹೇಳುವ ನಾನು, ಆ ಹಸಿರು ಹಾಳೆಯ ಕೆಳಗೆ ಏನಿದೆಯೆಂದು ಮೂವತ್ತು ವರ್ಷ ಕೇಳಿರಲಿಲ್ಲ.

ಸಂಜೆ ಅಣ್ಣ ವಾಕಿಂಗ್ ಮುಗಿಸಿ ಬಂದ. ಮಗ ಹೊಸ ಮುತ್ತಿನ ಹಾಳೆ ತರಿಸುತ್ತಾನಂತೆ, ಈಗಿನವು ಬೇರೆ ಪ್ಲಾಸ್ಟಿಕ್ಕಿನವು, ಹಾಗೆಲ್ಲ ಉರಿಯುವುದಿಲ್ಲವಂತೆ ಎಂದೆ. “ಹೂಂ” ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಅಣ್ಣಾ, ಅವತ್ತು ಎಲ್ಲರ ಮುಂದೆ ಹಾಗೆ ನಕ್ಕುಬಿಟ್ಟೆ. ಅನ್ನಬಾರದಿತ್ತು” ಎಂದೆ.

ಅವನು ಅತ್ತಿಗೆಯ ಕಡೆ ಒಮ್ಮೆ ನೋಡಿದ. ಹಳದಿ ಡ್ರಮ್ಮಿನ ಮೇಲೆ ಎರಡು ಬೆರಳಲ್ಲಿ ತಟ್ಟಿ ಕಿವಿಗೊಟ್ಟ. ಆಮೇಲೆ ಕೇಳಿದ:

“ಆ ಕಪಾಟು ಇನ್ನೂ ಇದೆಯೇನೇ?”

“ಇದೆ. ಒಂದು ಬಾಗಿಲು ಸಡಿಲ ಆಗಿದೆ.”

“ಮುಂದಿನ ವಾರ ಬರ್ತೀನಿ ತಾಳು, ಬಿಗಿ ಮಾಡಿಕೊಡ್ತೀನಿ.”